ಸತ್ತಿತು ಅನ್ನೋಕೆ ನೀನ್ಯಾರು?

ನನ್ನ ತಮ್ಮನ ಕಣ್ಣೆದುರು ಯಾರೂ ಸಾಯುವಂತಿಲ್ಲ. ಸತ್ತರೂ ಅವನು ಒಪ್ಪುವುದಿಲ್ಲ! ಮನುಷ್ಯರ ಮಾತು ಹಾಗಿರಲಿ, ನಮ್ಮ ಮನೆಯ ಮಿಕ್ಸಿ, ಗೋಡೆ ಗಡಿಯಾರ, ಬಾಲ್ಕನಿಯ ಕರಿಬೇವಿನ ಗಿಡ, ಯಾವುದಕ್ಕೂ ಅವನಿಂದ ಸುಲಭವಾಗಿ ಮುಕ್ತಿ ಸಿಕ್ಕಿಲ್ಲ. ಇಂಥವನನ್ನು ಕಟ್ಟಿಕೊಂಡು ದೆಹಲಿಯ ಕಿದ್ವಾಯಿ ನಗರದ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಏಗುತ್ತಿರುವ ಈ ಅಕ್ಕನಿಗೆ ಮುಕ್ತಿ ಯಾವಾಗ? ಅದನ್ನೂ ಅವನನ್ನೇ ಕೇಳಬೇಕು.

ಅವನು ಫರೀದಾಬಾದಿನಲ್ಲಿ ಅಂಬ್ಯುಲೆನ್ಸ್ ಪ್ಯಾರಾಮೆಡಿಕ್. ಡಾಕ್ಟರಲ್ಲ, ಡ್ರೈವರೂ ಅಲ್ಲ. ಹಿಂದೆ ರೋಗಿಯ ಪಕ್ಕದಲ್ಲಿ ಕೂತು, ಆಸ್ಪತ್ರೆ ಮುಟ್ಟುವವರೆಗೆ ಜೀವ ಹಿಡಿದಿಡಲು ನೋಡುವವನು. ತರಬೇತಿಯಲ್ಲಿ ಅವನಿಗೊಂದು ಪಾಠ ಹೇಳಿಕೊಟ್ಟರು: 'ಸತ್ತಿದ್ದಾರೆ' ಎನ್ನುವ ಅಧಿಕಾರ ಡಾಕ್ಟರಿಗೆ ಮಾತ್ರ, ನಿನ್ನ ಕೆಲಸ ಎದೆ ಒತ್ತುತ್ತಾ ಇರುವುದು. ಬೇರೆಯವರು ಇಂಥ ಪಾಠಗಳನ್ನು ಡ್ಯೂಟಿ ಮುಗಿದ ಮೇಲೆ ಯೂನಿಫಾರ್ಮಿನ ಜೊತೆ ಮೊಳೆಗೆ ನೇತುಹಾಕುತ್ತಾರೆ. ಇವನು ಮನೆಯೊಳಕ್ಕೂ ಹೊತ್ತು ತಂದ.

ಕೋರ್ಸಿನ ದಿನಗಳಲ್ಲಿ ಅವನ ರೋಗಿ ನನ್ನ ತಲೆದಿಂಬು. ಊರಿಂದ ತಂದ ಬೂರುಗದ ಹತ್ತಿಯ ದಿಂಬು, ಸ್ವಾಮಿ! ಅದನ್ನು ನೆಲದ ಮೇಲೆ ಅಂಗಾತ ಮಲಗಿಸಿ, "ಅಂಕಲ್ ಜೀ, ಸುನ್ ರಹೇ ಹೈಂ?" ಕೇಳಿಸ್ತಿದೆಯಾ ಎಂದು ಕೂಗುತ್ತಿದ್ದ. ಅಂಕಲ್ ಜೀ ಉತ್ತರ ಕೊಡದಿದ್ದಾಗ ಎದೆ ಒತ್ತತೊಡಗುತ್ತಿದ್ದ. ಸಾಲದ್ದಕ್ಕೆ ಒಂದು ಸಂಜೆ ನನ್ನನ್ನೂ ಮಂಡಿಯೂರಿಸಿ ಕೂರಿಸಿದ. ಆಫೀಸಿನಿಂದ ಸುಸ್ತಾಗಿ ಬಂದ ಹೆಂಗಸು ದಿಂಬಿನ ಮೇಲೆ ತಲೆಯಿಡಬೇಕೋ, ಅದರ ಪ್ರಾಣ ಉಳಿಸಬೇಕೋ?

"ಅಕ್ಕಾ, ಮೊಣಕೈ ಮಡಿಸಬೇಡ. ಭುಜದಿಂದ ಭಾರ ಬಿಡು."

"ಹೊಲಿಗೆ ಬಿಟ್ಟು ಹತ್ತಿ ಆಚೆ ಬಂತಲ್ಲೋ. ಸತ್ತೋಯ್ತು, ಬಿಡು."

"ಸತ್ತಿತು ಅನ್ನೋಕೆ ನೀನ್ಯಾರು? ಒತ್ತು."

ಆಮೇಲೆ ಕರಿಬೇವಿನ ಸರದಿ. ದೆಹಲಿಯ ಚಳಿಗೆ ಎಲೆಯೆಲ್ಲ ಉದುರಿ ಗಿಡ ಬರೀ ಕಡ್ಡಿಯಾಗಿತ್ತು. ಕಿತ್ತುಹಾಕಲು ಹೋದರೆ ಅಡ್ಡ ಬಂದ. ಉಗುರಿನಿಂದ ಕಾಂಡ ಕೆರೆದು ನೋಡಿದ. ಒಳಗೂ ಒಣಗಿತ್ತು. "ನೋಡಿದೆಯಲ್ಲ, ಇನ್ನೇನು?" ಎಂದೆ. "ಡಾಕ್ಟರ್ ಹೇಳ್ಲಿ" ಎಂದ. ಗಿಡಕ್ಕೆ ಡಾಕ್ಟರು! ಭಾನುವಾರ ಕುಂಡವನ್ನು ಆಟೋದಲ್ಲಿಟ್ಟುಕೊಂಡು ನರ್ಸರಿಗೆ ಹೋದೆವು. ಮಾಲಿ ಭಯ್ಯಾ ದೂರದಿಂದಲೇ ನೋಡಿ, "ಖತಮ್ ಹೈ ಮೇಡಂ" ಎಂದ. ತಮ್ಮ ತಕ್ಷಣ ಒಪ್ಪಿಕೊಂಡ. ಒಪ್ಪಿ, ಟೋಪಿ ತೆಗೆದು, ತಲೆ ಬಗ್ಗಿಸಿ ನಿಂತ. ಪಕ್ಕದಲ್ಲಿ ಗುಲಾಬಿ ಸಸಿ ಆರಿಸುತ್ತಿದ್ದವರು ಯಾರಿಗೋ ಏನೋ ಆಗಿದೆಯೆಂದು ತಾವೂ ಎದ್ದು ನಿಂತರು.

ಚಾಣಕ್ಯಪುರಿಯಲ್ಲಿ ಕನ್ನಡಿಗರೆಲ್ಲ ಸೇರಿದ್ದ ಒಂದು ಸಮಾರಂಭಕ್ಕೆ ಇವನನ್ನು ಕರೆದೊಯ್ದದ್ದು ನನ್ನದೇ ತಪ್ಪು. ಭಾಷಣದ ನಡುವೆ ಮುಂದಿನ ಸಾಲಿನ ಹಿರಿಯರೊಬ್ಬರ ಕತ್ತು ಪಕ್ಕಕ್ಕೆ ವಾಲಿತು. ಇವನು ಓಡಿಹೋಗಿ ಅವರ ಭುಜ ತಟ್ಟಿ, "ಸರ್, ಕೇಳಿಸ್ತಿದೆಯಾ?" ಎಂದು ಕೂಗಿದ. ಅವರು ಕಣ್ಣುಬಿಟ್ಟು, "ಕೇಳಿಸ್ತಿದೆಯಪ್ಪ, ಅದಕ್ಕೇ ನಿದ್ದೆ ಬಂದಿದ್ದು" ಎಂದರು.

ನಗುವುದೆಲ್ಲ ಇಷ್ಟೇ. ರಸ್ತೆಗಿಳಿದ ಮೇಲಿನ ಅವನ ಪಾಡು ಯಾವ ಶತ್ರುವಿಗೂ ಬೇಡ. ಸೈರನ್ ಎಷ್ಟು ಬಡಿದುಕೊಂಡರೂ ದಾರಿ ಬಿಡುವವರಿಲ್ಲ. ಅಪ್ಪಿತಪ್ಪಿ ಬಿಟ್ಟರೆ, ಗಾಡಿಯ ಬೆನ್ನಿಗೆ ಅಂಟಿಕೊಂಡು ತಾವೂ ಪಾರಾಗಲು ನೋಡುವವರದೇ ಸಾಲು. ಇಳಿದು ಕೈಮುಗಿದರೆ ಕಾರಿನವನು ಗಾಜಿಳಿಸಿ, "ಉಡ್ ಕೇ ಜಾಊಂ ಕ್ಯಾ?" ಹಾರಿಕೊಂಡು ಹೋಗ್ಲಾ ಎನ್ನುತ್ತಾನಂತೆ. ಮೊದಮೊದಲು, ಇವತ್ತಿನವರು ಉಳಿದರೇನೋ ಎಂದು ಕೇಳುತ್ತಿದ್ದೆ. ಅವನ ಮುಖ ನೋಡಿ ನೋಡಿ ಕೇಳುವುದನ್ನೇ ಬಿಟ್ಟೆ. ಅವನು ಹೇಳುವುದನ್ನೂ ಬಿಟ್ಟ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಮನೆಗೆ ಬಂದವನು ಯೂನಿಫಾರ್ಮನ್ನೂ ಬಿಚ್ಚದೆ, ಗೋಡೆಗೊರಗಿ ನೆಲದ ಮೇಲೆ ಕೂತ. ಸಾರು ಅನ್ನ ಕಲಸಿಕೊಟ್ಟರೂ ಬೇಡವೆಂದ. ಆಮೇಲೆ ತಾನೇ ಹೇಳಿದ. ಕಾರ್ಖಾನೆಯೊಂದರಲ್ಲಿ ಕೆಲಸಗಾರನಿಗೆ ಕರೆಂಟು ಹೊಡೆದಿತ್ತು. ಅಂಬ್ಯುಲೆನ್ಸಿನಲ್ಲಿ ಜೊತೆಗೆ ಅವನ ಹೆಂಡತಿ. ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡ ಗಾಡಿಯೊಳಗೆ ದಾರಿಯುದ್ದಕ್ಕೂ ಅವಳದೊಂದೇ ಪ್ರಶ್ನೆ: "ಭಯ್ಯಾ, ಹೈಂ ನಾ?" ಇದ್ದಾರೆ ತಾನೆ? ಇಲ್ಲವೆಂದು ಇವನಿಗೆ ಗೊತ್ತಾಗಿತ್ತು. ಹೇಳುವ ಹಾಗಿರಲಿಲ್ಲ. ಒತ್ತುತ್ತಲೇ ಇದ್ದ. ಹೇಳಬೇಕಾದ ಮಾತನ್ನು ಆಸ್ಪತ್ರೆಯಲ್ಲಿ ಡಾಕ್ಟರೇ ಹೇಳಿದರು.

"ಬೈದಿದ್ರೆ ತಡ್ಕೋತಿದ್ದೆ ಅಕ್ಕಾ. ಆಕೆ ನನ್ನ ಕೈ ನೋಡಿ, 'ಭಯ್ಯಾ, ಆಪ್ ಥಕ್ ಗಯೇ ಹೋಂಗೇ' ಅಂದ್ಲು. ಗಂಡ ಅಲ್ಲಿ ಹೆಣವಾಗಿ ಮಲಗಿದ್ದಾನೆ, ನೀವು ದಣಿದಿರ್ತೀರ ಅಂತ ನನಗೆ ಹೇಳ್ತಾಳೆ."

ಅನ್ನದ ತಟ್ಟೆಯನ್ನು ಅವನತ್ತ ಸರಿಸಿದೆ, ಅವನು ಹಿಂದಕ್ಕೆ ತಳ್ಳಿದ.

"ನಾಳೆಯಿಂದ ಹೋಗಲ್ಲ. ನನ್ನೊಳಗೆ ಇನ್ನೇನೂ ಉಳಿದಿಲ್ಲ. ನಾನೂ ಸತ್ತೆ ಅಂದ್ಕೋ."

ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಸಿಟ್ಟಲ್ಲ, ಹೆದರಿಕೆ. "ಸತ್ತೆ ಅನ್ನೋಕೆ ನೀನ್ಯಾರೋ? ಆ ಅಧಿಕಾರ ನಿನಗೆಲ್ಲಿದೆ?" ಎಂದು ಅವನೆದುರು ಕೂತು ಬಲಗೈ ಎಳೆದುಕೊಂಡೆ. ಅಂಗೈಯ ಬುಡ ಊದಿ ಕೆಂಪಾಗಿತ್ತು. ಚಿಕ್ಕವನಿದ್ದಾಗ ಜ್ವರ ಬಂದರೆ ಕೈಕಾಲು ಒತ್ತುತ್ತಿದ್ದವಳು ನಾನೇ. ಈಗಲೂ ಒತ್ತತೊಡಗಿದೆ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾಳೆ ಕೆಲಸಕ್ಕೆ ಹೋಗುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೈ ಬಿಡಬಾರದು ಎಂಬುದಷ್ಟೇ ಗೊತ್ತಿತ್ತು. ಬಲಗೈ ಮುಗಿಸಿ ಎಡಗೈಗೆ ಬಂದಾಗ, ಮುಚ್ಚಿದ ಕಣ್ಣು ತೆರೆಯದೆಯೇ ಅವನು ಮೆಲ್ಲಗೆ ಹೇಳಿದ:

"ಅಕ್ಕಾ, ಮೊಣಕೈ ಮಡಿಸ್ತಿದ್ದೀಯ."