ಮದುವೆ ಕ್ಯಾಸೆಟ್ಟಿನ ಭೂತ

ಊಟಕ್ಕೆ ಬೇಕಾದಂತೆ ಹೆದರಿಕೆಗೂ ಒಂದು ಪಂಕ್ತಿ ಬೇಕು. ಒಬ್ಬನೇ ಕೂತು ಹೆದರಿದರೆ ರುಚಿಯಿಲ್ಲ. ಆ ಮಧ್ಯಾಹ್ನ ಸಾಗರದ ನಮ್ಮ ಮನೆಯಲ್ಲಿ ಒಳ್ಳೆಯ ಪಂಕ್ತಿಯೇ ನೆರೆದಿತ್ತು. ಆಗಷ್ಟೇ ಮದುವೆಯಾಗಿ ತವರಿಗೆ ಬಂದಿದ್ದ ನನ್ನ ತಂಗಿ ಸುಮಿತ್ರೆ, ಅವಳ ಗಂಡ, ಜೊತೆಗೆ ಹಿನ್ನೀರಿನ ಆಚೆ ದಡದಿಂದ ಬಂದ ಅವನ ಅಜ್ಜಿ. ಅವರ ಮನೆಯಲ್ಲಿ ಅಜ್ಜಿ ಹೂಂ ಅಂದಮೇಲೇ ಒಲೆ ಹತ್ತುವುದೆಂದು ಕೇಳಿದ್ದೆವು. ನಮ್ಮಮ್ಮ, ಅಕ್ಕಪಕ್ಕದವರು, ಬಾಡಿಗೆಗೆ ತಂದ ಟೀವಿ, ವೀಸಿಆರ್, ಅವುಗಳ ಪಕ್ಕದಲ್ಲಿ ಬೆವರುತ್ತ ಕೂತ ನನ್ನ ಗೆಳೆಯ ಸ್ಟುಡಿಯೋ ರಾಘು. ಮದುವೆಯ ವೀಡಿಯೋ ತೆಗೆದವನು ಅವನೇ. ಅಲ್ಲಿಯವರೆಗೆ ಅವನ ಕೈಗೆ ಸಿಕ್ಕವರೆಲ್ಲ ಪಾಸ್‌ಪೋರ್ಟ್ ಅಳತೆಯಲ್ಲಿ ಅಲುಗಾಡದೆ ಕೂತವರು.

ಕಿಟಕಿ ಮುಚ್ಚಿ ಕ್ಯಾಸೆಟ್ ಹಾಕಿದೆವು. ಮೊದಲು ಕಂಡದ್ದು ಚಪ್ಪರದ ನೆಲ. ಆಮೇಲೆ ಚಪ್ಪಲಿಗಳು. ಆಮೇಲೆ ಬಹಳ ಹೊತ್ತು ರಾಘುವಿನ ಹೆಬ್ಬೆರಳು.

“ಧಾರೆ ಎಲ್ಲಿ ಹೋಯ್ತೋ ರಾಘು?” ಎಂದಳು ಅಮ್ಮ.

ಕ್ಯಾಮೆರಾದಲ್ಲಿ ಕೆಂಪು ದೀಪ ಹೊತ್ತಿದರೆ ಅದು ನಿಂತಿದೆ ಎಂದು ರಾಘು ತಿಳಿದಿದ್ದನಂತೆ. “ಕೆಂಪು ಅಂದ್ರೆ ನಿಲ್ಲು ಅಂತ ಅಲ್ವಾ ಅಮ್ಮಾ? ರೈಲಿಗೂ ಹಾಗೇ ಅಲ್ವಾ?” ಎಂದ, ಅಳು ಬರುವ ಹಾಗೆ. ಹೀಗಾಗಿ ಅವನು ಕಣ್ಣಿಟ್ಟು ತೆಗೆದದ್ದೊಂದೂ ಬಂದಿರಲಿಲ್ಲ. ತೆಗೆಯದೆ ಬಿಟ್ಟದ್ದೆಲ್ಲ ಸೊಗಸಾಗಿ ಬಂದಿತ್ತು.

ಅದರಲ್ಲಿ ಲಾಂಚೂ ಬಂತು. ಮದುವೆಯ ಸಂಜೆ ಹೆಣ್ಣನ್ನು ಮನೆ ತುಂಬಿಸಲೆಂದು ಹೊಳೆಬಾಗಿಲಿನ ದಡದಲ್ಲಿ, ಹಿನ್ನೀರು ದಾಟಿಸುವ ಲಾಂಚ್ ಹತ್ತಿದ್ದೆವು. ರಾಘುವಿನ ತೊಡೆಯ ಮೇಲೆ ಮಲಗಿದ್ದ ಕ್ಯಾಮೆರಾ ಯಾರನ್ನೂ ನೋಡುತ್ತಿರಲಿಲ್ಲ. ಮೂಲೆಯಲ್ಲಿ ಸುಮಿತ್ರೆಯ ಹಸಿರು ಸೆರಗು, ಅದರಾಚೆ ಮಬ್ಬು ನೀರು. ಎಂಜಿನ್ ನಿಂತಿತು. ಯಾರೋ ಎಲೆಅಡಿಕೆ ಕೇಳಿದರು. ಆಗ ಸೆರಗಿನ ಹಿಂದೆ, ನೀರಿನಿಂದ, ಕಪ್ಪಗೆ ಏನೋ ಎದ್ದಿತು. ಎರಡು ಕೊಂಬು. ಮುಳುಗಿತು. ಮತ್ತೆ ಎದ್ದಿತು, ಈ ಸಲ ಹತ್ತಿರ. “ಎಂತ ಅದು?” ಎಂದು ಯಾರದೋ ಪಿಸುಮಾತು. ಆಮೇಲೆ ಕಿರುಚಾಟ, ಆಕಾಶ, ಒಂದು ಬುಟ್ಟಿ, ಯಾರದೋ ಮೊಣಕಾಲು, ಕತ್ತಲೆ.

ಅದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮುಳುಗಡೆಯಾದ ಕಾಡಿನ ಒಂದು ಕವಲು ಮರದ ಬೊಡ್ಡೆ. ಲಾಂಚ್ ಓಲಾಡಿದಾಗ ಅದೇ ಎದ್ದು ಮುಳುಗಿದಂತೆ ಕಂಡಿತ್ತು. ಆ ದಿನ ಎಲ್ಲರಿಗೂ ಧೈರ್ಯ ಹೇಳಿದವನು ನಾನೇ ಎಂದು ಪೇಟೆಯಲ್ಲೆಲ್ಲ ಹೇಳಿಯೂ ಆಗಿತ್ತು. ಆದರೂ ಈಗ ಮೈ ಜುಮ್ಮೆಂದಿತು. ಟೆಂಟ್ ಸಿನಿಮಾದ ರಾಕ್ಷಸ ಎದುರಿಗೆ ಬಂದು, ಬೆಳಕು ಸರಿಯಾಗಿ ಬಿದ್ದಿದೆಯೇ ಎಂದು ನೋಡಿಕೊಂಡು ಘರ್ಜಿಸುತ್ತಾನೆ. ಯಾರೋ ಅವನಿಗೆ ಬಣ್ಣ ಹಚ್ಚಿ, ಚಹಾ ಕುಡಿಸಿ ಕಳಿಸಿದ್ದಾರೆಂದು ನಮಗೆ ಗೊತ್ತು. ಇದನ್ನು ಯಾರೂ ಕರೆದಿರಲಿಲ್ಲ. ಯಾರೂ ನೋಡದೇ ಇದ್ದಾಗ ತಾನಾಗಿ ಬಂದು, ಅರ್ಧ ಮಾತ್ರ ತೋರಿಸಿಕೊಂಡು ಹೋಗಿತ್ತು. ನನ್ನ ಅಜ್ಜ ಹುಲಿಯ ಕಥೆ ಹೇಳುವಾಗ ಹುಲಿಯನ್ನು ಒಮ್ಮೆಯೂ ತರುತ್ತಿರಲಿಲ್ಲ. ಬಾಲ ಮುದುರಿ ಒಲೆಯ ಬುಡಕ್ಕೆ ನುಗ್ಗಿದ ನಾಯಿಯ ಸುದ್ದಿಯಷ್ಟೇ. ಹುಲಿಯನ್ನು ನಾವೇ ನಮ್ಮ ಅಳತೆಗೆ ಮಾಡಿಕೊಳ್ಳುತ್ತಿದ್ದೆವು. ಅಜ್ಜನ ಆ ವಿದ್ಯೆಯನ್ನು ರಾಘು ಒಂದು ಕೆಂಪು ದೀಪವನ್ನು ತಪ್ಪು ತಿಳಿದು ಸಾಧಿಸಿಬಿಟ್ಟಿದ್ದ.

ಅಂದು ಲಾಂಚಿನಲ್ಲಿ ಇರದಿದ್ದ ಅಜ್ಜಿ ಮೊಮ್ಮಗನ ಕಡೆ ತಿರುಗಿದರು. “ಹೆಣ್ಣಿನ ಬೆನ್ನಿಗೆ ಎಂತದೋ ಬಂದಿದೆ ಕಣೋ. ಇವಳು ಇಲ್ಲೇ ಇರ್ಲಿ. ದೇವರ ಹತ್ರ ಕೇಳ್ಸಿದ ಮೇಲೆ ಕರ್ಕೊಂಡು ಹೋಗೋದು ನೋಡಣ.”

ಸುಮಿತ್ರೆಯ ಮುಖ ಬಿಳಿಚಿಕೊಂಡಿತು. ಅವಳ ಗಂಡ ನೆಲ ನೋಡಿದ. ಅಮ್ಮ ನನ್ನ ರಟ್ಟೆ ಚಿವುಟಿದಳು.

“ಅದು ಮರದ ಬೊಡ್ಡೆ ಅಜ್ಜಿ,” ಎಂದೆ. “ಇನ್ನೊಂದ್ಸಲ ಹಾಕಿ ತೋರಿಸ್ತೀನಿ, ನೀವೇ ನೋಡಿ.”

ರಾಘು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಮತ್ತೂ ಒಮ್ಮೆ ಹಾಕಿದ. ನೋಡಿದಷ್ಟೂ ಬೊಡ್ಡೆಯಲ್ಲಿನ ಬೊಡ್ಡೆತನ ಕಡಿಮೆಯಾಗುತ್ತ ಬಂತು. ಸಾಧಿಸಲು ಎದ್ದು ನಿಂತಿದ್ದ ನಾನು ಮೆಲ್ಲಗೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಿದ್ದೆ.

“ಸದ್ದು ಜಾಸ್ತಿ ಮಾಡು,” ಎಂದರು ಅಜ್ಜಿ.

ಸದ್ದು ಏರಿತು. ಕಿರುಚಾಟದ ನಡುವೆ ಒಂದು ಗಂಟಲು ಮಾತ್ರ ಸ್ಪಷ್ಟವಾಗಿ ಮೇಲೆದ್ದಿತು: “ಅಯ್ಯಯ್ಯೋ! ಅಮ್ಮಾ! ಸತ್ತೆ!”

“ಪಾಪ, ಯಾರು ಆ ಹೆಂಗಸು?” ಎಂದರು ಪಕ್ಕದ ಮನೆಯವರು.

ನಾನು ಸೂರಿನ ಹಂಚು ನೋಡುತ್ತಿದ್ದೆ. ಟೀವಿಯೇ ಉತ್ತರ ಕೊಟ್ಟಿತು. ಸುಮಿತ್ರೆಯ ದನಿ, ಒಂದಿಷ್ಟೂ ಏರದೆ: “ಅಣ್ಣಾ, ಮರದ ಬೊಡ್ಡೆ ಕಣೋ ಅದು. ನನ್ನ ಸೆರಗು ಬಿಡು, ಹರೀತದೆ.”

ಅಜ್ಜಿ ಅವಳನ್ನು ದಿಟ್ಟಿಸಿದರು. “ನಿಂಗೆ ಹೆದರಿಕೆ ಆಗ್ಲಿಲ್ವನೇ?”

“ಆಯ್ತು ಅಜ್ಜಿ,” ಎಂದಳು ಸುಮಿತ್ರೆ. “ಸೀರೆ ಹೊಸದು.”

ಅಜ್ಜಿ ನಕ್ಕ ರಭಸಕ್ಕೆ ಮಡಿಲಲ್ಲಿದ್ದ ಎಲೆಅಡಿಕೆ ಚೀಲ ಜಾರಿ ಬಿತ್ತು. “ಭೂತ ಇದ್ರೆ ಇದ್ಕೊಳ್ಳಲಿ ಬಿಡು. ಇವಳ ಹತ್ರ ಅದ್ರ ಆಟ ನಡೆಯಲ್ಲ. ಏಳು ಹುಡುಗಿ, ಸಂಜೆ ಲಾಂಚಿಗೆ ಹೊರಡಣ,” ಎಂದರು.

ಅವರನ್ನು ಮನೆ ಮುಟ್ಟಿಸಲು ನಾನೂ ಹೋದೆ. ನಡುನೀರಿನಲ್ಲಿ ಬೊಡ್ಡೆ ಕಂಡಿತು. ಅಜ್ಜಿ ನನ್ನ ಕಡೆ ತಿರುಗಿಯೂ ನೋಡದೆ ತಮ್ಮ ಸೆರಗಿನ ತುದಿಯನ್ನು ಇತ್ತ ಚಾಚಿದರು. ನಾನು ಹಿಡಿದುಕೊಂಡೆ.