ಕಂಬಳಿಯೊಳಗಿನ ರೆಕಾರ್ಡಿಂಗ್

ಬಾಳೂರಿಗೆ ಬಂದ ನೆಂಟರೆಲ್ಲ ಜಗಲಿಯಲ್ಲಿ ನಿಂತು ಒಮ್ಮೆ ಉಸಿರೆಳೆದು, 'ಎಷ್ಟು ನಿಶ್ಶಬ್ದವಪ್ಪಾ ನಿಮ್ಮೂರು' ಎನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ. ಅಂಗೈಯಗಲದ ರೆಕಾರ್ಡರ್ ಒಂದನ್ನು ಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿದ ದಿನ ಆ ನಂಬಿಕೆ ಹೋಯಿತು. ನಮ್ಮ ಗೋಡೆ ಗಡಿಯಾರ ಮರ ಕಡಿದಂತೆ ಸದ್ದು ಮಾಡುತ್ತದೆ. ಫ್ರಿಜ್ಜು ಗೊಣಗುತ್ತದೆ. ನನ್ನ ಉಸಿರಾಟವಂತೂ ಹಳೆಯ ಜೀಪು ಘಾಟಿ ಹತ್ತಿದ ಹಾಗೆ ಕೇಳುತ್ತದೆ. ಈ ಕೊನೆಯ ಸಂಗತಿ ನನ್ನ ಹೆಂಡತಿ ಶಾರದೆಗೆ ಮದುವೆಯಾದ ವಾರವೇ ಗೊತ್ತಾಗಿತ್ತಂತೆ.

ರೆಕಾರ್ಡರ್ ಕೊಂಡಿದ್ದು ಶೋಕಿಗಲ್ಲ. ಕಣ್ಣು ಕಾಣದ ಮಕ್ಕಳಿಗಾಗಿ ಕತೆಗಳನ್ನು ಓದಿ ರೆಕಾರ್ಡ್ ಮಾಡುವ ಸಂಸ್ಥೆಯೊಂದು ಓದುಗರನ್ನು ಹುಡುಕುತ್ತಿತ್ತು. ಬಣಕಲ್‌ನಲ್ಲಿ ಮೇಷ್ಟ್ರಾಗಿ ಜೀವಮಾನವೆಲ್ಲ ಗಟ್ಟಿಯಾಗಿ ಓದಿದ ನನಗೆ, ನಿವೃತ್ತಿಯಾದ ಮೇಲೆ ಕೇಳುವವರೇ ಇರಲಿಲ್ಲ. ಆ ಕೆಲಸ ನನಗೆ ಬೇಕೇ ಬೇಕಾಗಿತ್ತು. ಮೊದಲ ಮಾದರಿ, 'ಸಾರ್, ರಾಜಕುಮಾರಿ ಅಳುವಾಗ ಕುಕ್ಕರ್ ಕೂಗುತ್ತಿದೆ' ಎಂದು ವಾಪಸ್ ಬಂತು. ಎರಡನೆಯದರಲ್ಲಿ ರಾಕ್ಷಸ ಬಾಯಿ ತೆರೆಯುತ್ತಿದ್ದಂತೆ ನಮ್ಮಮ್ಮ, 'ಹಾಲು ಉಕ್ತು ಕಣೆ' ಎಂದಿದ್ದರು. ಇನ್ನೊಂದೇ ಅವಕಾಶ ಎಂದು ಸಂಸ್ಥೆಯವರು ಮೆಲ್ಲಗೆ ಹೇಳಿದರು. ಕಂಬಳಿ ಹೊದ್ದು ಓದಿ, ಓದುವ ಮೊದಲು ಸ್ವಲ್ಪ ಹೊತ್ತು ಬರೀ ನಿಶ್ಶಬ್ದವನ್ನೇ ರೆಕಾರ್ಡ್ ಮಾಡಿ ಎಂದು ಉಪಾಯವನ್ನೂ ಹೇಳಿಕೊಟ್ಟರು.

ಅಡುಗೆಮನೆಯಲ್ಲಿ ಬಿಟ್ಟರೆ ಪಾತ್ರೆ ಬೀಳಿಸುತ್ತಾರೆಂದು ಶಾರದೆಯನ್ನೂ ಅಮ್ಮನನ್ನೂ ನಡುಮನೆಯಲ್ಲಿ ಕೂರಿಸಿದೆ. 'ಮನೆ ಬಿದ್ದರೂ ತುಟಿಪಿಟಕ್ಕೆನ್ನಬಾರದು' ಎಂದು ಮೇಷ್ಟ್ರ ಗತ್ತಿನಲ್ಲೇ ಹೇಳಿದೆ. ಶಾರದೆ 'ಆಯ್ತು' ಎಂದಳು. ಅವಳು ಅಷ್ಟು ಸುಲಭವಾಗಿ ಒಪ್ಪಿದಾಗಲೇ ನಾನು ಹೆದರಬೇಕಿತ್ತು. ಗಡಿಯಾರ, ಫ್ರಿಜ್ಜು ಎರಡನ್ನೂ ನಿಲ್ಲಿಸಿದೆ. ಕಾಳುಮೆಣಸಿನ ಮೂಟೆಗಳಿಗೆ ಹೊದಿಸಿದ್ದ ಕಂಬಳಿಯನ್ನು ತಂದು ಕೊಡವಿ, ಚಾಪೆಯ ಮೇಲೆ ಉದ್ದಕ್ಕೆ ಮಲಗಿ, ತಲೆಯಿಂದ ಕಾಲಿನವರೆಗೆ ಮುಸುಕೆಳೆದು, ಮೊದಲು ನಿಶ್ಶಬ್ದ ಹಿಡಿಯಲೆಂದು ರೆಕಾರ್ಡರಿನ ಗುಂಡಿ ಒತ್ತಿದೆ.

ಪಕ್ಕದ ತೋಟದ ಸುಬ್ಬೇಗೌಡರು ಬಂದಿದ್ದು ಆಗಲೇ. ಬಂದವರಿಗೆ ಕಾಫಿ ಬೇಕೇ ಎಂದು ಕೇಳದ ಮನೆ ನಮ್ಮ ಕಡೆ ಇಲ್ಲ. ಬಾಗಿಲಲ್ಲಿ ನಿಂತ ಗೌಡರಿಗೆ ಕಂಡದ್ದು ಮುಸುಕು ಹೊದ್ದ ಒಂದು ಆಕಾರ, ನಿಂತ ಗಡಿಯಾರ, ಕಾಫಿಯ ಮಾತೇ ಎತ್ತದ ಶಾರದೆ, ಮೆಣಸಿನ ಧೂಳಿಗೆ ಕಣ್ಣೊರೆಸಿಕೊಳ್ಳುತ್ತಿದ್ದ ಅಮ್ಮ.

ಅವರು ಚಪ್ಪಲಿ ಬಿಟ್ಟ ಸದ್ದು ನನ್ನ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು. 'ಯಾವಾಗ ಆಯ್ತು ಶಾರದಕ್ಕ?' ಎಂದರು. ಶಾರದೆ ತುಟಿಯ ಮೇಲೆ ಬೆರಳಿಟ್ಟು ಕಂಬಳಿಯ ಕಡೆ ತೋರಿಸಿದಳಂತೆ. ಗೌಡರು ನಿಟ್ಟುಸಿರು ಬಿಟ್ಟು ನನ್ನ ಕಾಲ ಬಳಿ ಕೂತರು. 'ಮೊನ್ನೆ ಬಣಕಲ್ಲಲ್ಲಿ ಸಿಕ್ಕಿದ್ರು. ಇವ್ರ ಮಾತು ಕೇಳ್ತಾ ನಂಗೆ ಎರಡು ಬಸ್ ತಪ್ಪೋಯ್ತು. ಒಳ್ಳೆ ಮನುಷ್ಯ ಮಾರಾಯ್ರೆ. ಇಷ್ಟು ಸುಮ್ನಿದ್ದಿದ್ದು ಇವತ್ತೇ ನೋಡಿದ್ದು.'

ಏಳಬೇಕಿತ್ತು, ನಿಜ. ಆದರೆ ನನ್ನನ್ನು ಒಳ್ಳೆಯ ಮನುಷ್ಯ ಎಂದು ಯಾರಾದರೂ ಹೇಳಿ ಬಹಳ ಕಾಲವಾಗಿತ್ತು. ಈಗಂತೂ ಅದು ಒಂದಿಷ್ಟೂ ಗಲಾಟೆಯಿಲ್ಲದೆ ರೆಕಾರ್ಡ್ ಆಗುತ್ತಿತ್ತು. ಇನ್ನೊಂದೆರಡು ಗುಣ ಹೇಳಲಿ ಎಂದು ಉಸಿರು ಬಿಗಿಹಿಡಿದು ಕಾದೆ.

'ನಮ್ಮ ಮೆಣಸು ಕೊಯ್ಯೋ ಏಣಿ ಇವ್ರ ಹತ್ರನೇ ಇತ್ತು' ಎಂದರು ಗೌಡರು. 'ಅದನ್ನ ಕೇಳೋಣ ಅಂತಲೇ ಬಂದೆ. ಈಗ ಬ್ಯಾಡ, ಇಲ್ಲೇ ಇರ್ಲಿ. ಇವ್ರನ್ನ ಸಾಗ್ಸಕ್ಕೆ ಬೇಕಾಗ್ಬೋದು.'

ನಗು ತಡೆಯಲು ಹೋಗಿ ಮೆಣಸಿನ ಧೂಳು ಮೂಗಿಗೇರಿತು. ಕಂಬಳಿಯೇ ಹಾರುವಂತೆ ಸೀನಿದೆ. ಮುಸುಕು ತೆಗೆದು ನೋಡಿದರೆ ಗೌಡರು ಅಂಗಳದಲ್ಲಿದ್ದರು. ಚಪ್ಪಲಿ ಇಲ್ಲೇ ಇತ್ತು. ಶಾರದೆ ಮಾತ್ರ ತುಟಿಯ ಮೇಲಿನ ಬೆರಳನ್ನು ಇನ್ನೂ ತೆಗೆದಿರಲಿಲ್ಲ.

ಗೌಡರಿಗೆ ಕಾಫಿ ಕೊಟ್ಟು, ಏಣಿಯನ್ನೂ ಕೊಟ್ಟು ಕಳಿಸಿದ ಮೇಲೆ ಕತೆಯನ್ನು ಪೂರ್ತಿ ಓದಿದೆ. ಮೊದಲಿನ ಭಾಗವನ್ನು ಕತ್ತರಿಸುವುದು ಹೇಗೆಂದು ತಿಳಿಯದೆ ಇಡಿಯಾಗಿಯೇ ಕಳಿಸಿದೆ. ಬೇಗನೆ ಉತ್ತರ ಬಂತು. 'ರೆಕಾರ್ಡಿಂಗ್ ಬಹಳ ಚೆನ್ನಾಗಿದೆ ಸಾರ್. ಆರಂಭದಲ್ಲಿ ಮಾತಾಡಿದ ಹಿರಿಯರ ಧ್ವನಿ ನಮಗೆಲ್ಲ ಹಿಡಿಸಿತು. ಕತೆಗಳನ್ನು ಅವರೇ ಓದಬಹುದೇ?'

ಈಗ ದಿನಾ ಮಧ್ಯಾಹ್ನ ಸುಬ್ಬೇಗೌಡರು ನಮ್ಮ ನಡುಮನೆಯಲ್ಲಿ ಕಂಬಳಿ ಹೊದ್ದು, ಟಾರ್ಚ್ ಹಿಡಿದು ಓದುತ್ತಾರೆ. ಗುಂಡಿ ಒತ್ತಿ ಕೊಟ್ಟು, ಶಾರದೆ ಮತ್ತು ಅಮ್ಮನ ನಡುವೆ ಕೂರುವುದು ನನ್ನ ಕೆಲಸ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ರಾಜಕುಮಾರಿ ಅಳುವುದು ಹಾಗಲ್ಲ ಎಂದು ತಿದ್ದಲು ಬಾಯಿ ತೆರೆದರೆ, ಕಂಬಳಿಯ ಅಂಚಿನಿಂದ ಗೌಡರ ಬೆರಳೊಂದು ಮೆಲ್ಲಗೆ ಹೊರಗೆ ಬರುತ್ತದೆ.