ಕಾಕಾನ ದಪ್ಪ ಸ್ವರ

ನಮ್ಮ ಕಾಕಾ ಇನ್ನೂ ಜೈಲಿಗೆ ಹೋಗಿಲ್ಲವೆಂದರೆ ಅದಕ್ಕೆ ಬೆಟಗೇರಿಯ ಜನರ ಒಳ್ಳೆಯತನವೇ ಕಾರಣ. ನನ್ನ ಕೈಯಲ್ಲಿದ್ದಿದ್ದರೆ ಎಂದೋ ಒಳಗೆ ಹಾಕಿಸುತ್ತಿದ್ದೆ! ಕಂಡಕ್ಟರ್ ಕೆಲಸದಿಂದ ನಿವೃತ್ತನಾದವನು ಕಟ್ಟೆಯ ಮೇಲೆ ಕೂತು ಪೇಪರ್ ಓದಬೇಕೋ ಬೇಡವೋ? ಇವನು ಲಕ್ಷ್ಮೇಶ್ವರದ ಬ್ಯಾಂಡ್ ಮಾಸ್ತರರಿಂದ ಮದುವೆ ಬ್ಯಾಂಡಿನಲ್ಲಿ ಊದುವ ಹಳೆಯ ಕ್ಲಾರಿಯೋನೆಟ್ ತಂದ.

ಯಾಕಂತೆ? ತನ್ನ ಹೆಂಡತಿ, ನಮ್ಮ ಕಾಕೂಗೆ ಕೇಳಿಸಲಿಕ್ಕಂತೆ! ಕಾಕೂಗೆ ಈಗ ಎದುರು ನಿಂತು ಒದರಿದರೂ ಕೇಳುವುದಿಲ್ಲ. ಕಿವಿಗೆ ಮಷಿನ್ ಹಾಕಿದರೆ ಕಿತ್ತಿಡುತ್ತಾಳೆ. ದಪ್ಪ ದನಿ ಅಷ್ಟಿಷ್ಟು ಕೇಳೀತು ಎಂದು ಡಾಕ್ಟರು ಅಂದದ್ದೇ ತಡ, ಕಾಕಾನ ತಲೆಗೆ ಹುಳ ಹೊಕ್ಕಿತು.

"ಆಕೀಗೆ ಕ್ಲಾರಿಯೋನೆಟ್ ಅಂದ್ರ ಜೀವಲೇ! ಇದರ ಕೆಳಗಿನ ಸ್ವರ ಭಾಳ ದಪ್ಪ ಐತಿ. ಒಮ್ಮೆ ಬರೋಬರಿ ಹೊಂಟ್ರ ಆಕೀಗೆ ಕೇಳೇ ಕೇಳತೈತಿ."

ಹೊರಟದ್ದೇನು? ಬರೀ "ಕೀಂಯ್ಯ್"! ಬೆರಳು ತೂತು ಮುಚ್ಚುವುದಿಲ್ಲ, ಗಲ್ಲ ಪೂರಿಯಂತೆ ಉಬ್ಬುತ್ತದೆ, ಅರ್ಧ ಉಸಿರು ಬಾಯಿಯ ಬದಿಯಿಂದಲೇ ಸೋರಿಹೋಗುತ್ತದೆ. ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ನಮ್ಮಲ್ಲಿ ಕಿನ್ನರಿಯೇ ಕೋಣನಾಗಿತ್ತು! "ನಮ್ಮ ಎಮ್ಮಿ ಹಾಲ ಕೊಡವಲ್ದರಿ" ಎಂದು ಪಕ್ಕದ ಮನೆಯವರು ಬಂದು ನಿಂತರು. ಇಡೀ ಓಣಿಯಲ್ಲಿ ಆ ಕೀರಲು ಕೇಳಿಸದೆ ನೆಮ್ಮದಿಯಾಗಿ ಮೆಂತ್ಯಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದವಳು ಕಾಕೂ ಒಬ್ಬಳೇ. ಪುಣ್ಯವಂತೆ!

ಈ ವಾದ್ಯದ ಬಾಯಿಗೆ ರೀಡ್ ಎಂಬ ತೆಳ್ಳನೆಯ ಚಕ್ಕೆ ಕಟ್ಟುತ್ತಾರೆ. ಉಗುಳಿನಿಂದ ನೆನೆದ ರೀಡನ್ನು ಈ ಮಹಾನುಭಾವ ಮಾಳಿಗೆಯ ಮೇಲೆ ಸಂಡಿಗೆಯ ಜೊತೆ ಒಣಗಲು ಇಟ್ಟ! ನನ್ನ ಹೆಂಡತಿ ಎಲ್ಲವನ್ನೂ ಬಳಿದು ಡಬ್ಬಿಗೆ ತುಂಬಿದಳು. ಮುಂಡರಗಿಯಿಂದ ಬೀಗರು ಬಂದ ದಿನ ಕರಿದೂ ಬಡಿಸಿದಳು.

"ಇದೊಂದು ಅರಳೇ ಇಲ್ಲ ನೋಡ್ರಿ" ಎಂದು ಬೀಗರು ಕಟುಂ ಎಂದು ಕಡಿದರು.

"ಉಗುಳ್ರಿ! ಅದು ನನ್ನ ರೀಡು!" ಎಂದು ಕಾಕಾ ಪಂಕ್ತಿಯಲ್ಲೇ ಎದ್ದು ನಿಂತ.

ಬೀಗರು ಹೋದ ಮೇಲೆ ನನ್ನ ಪಿತ್ತ ನೆತ್ತಿಗೇರಿತು. "ಸಾಕ ಮಾಡೋ ಕಾಕಾ! ಕಿವಿ ಕೇಳದಾಕಿ ಸಲುವಾಗಿ ಕಿವಿ ಇದ್ದವರನ್ನ ಯಾಕ ಕೊಲ್ಲತಿ?"

ಕಾಕಾ ಕೆಳದುಟಿ ಮುಟ್ಟಿ ನೋಡಿಕೊಂಡ. ಊದುವಾಗ ಹಲ್ಲು ಒತ್ತಿ ಒತ್ತಿ ತುಟಿಯೊಳಗೆ ಹುಣ್ಣಾಗಿತ್ತು. ಆದರೂ ಮರುದಿನ ಬೆಳಿಗ್ಗೆ ಹೊಸ ರೀಡು, ಮತ್ತೆ ಕೀಂಯ್ಯ್! ಇವತ್ತು ಇದನ್ನು ಕಸಿದು ಬಾವಿಗೆ ಎಸೆಯುವುದೇ ಸೈ ಎಂದು ನಾನು ಪಡಸಾಲೆಗೆ ನುಗ್ಗಿದೆ.

ಅಷ್ಟರಲ್ಲಿ ಅದೇನಾಯಿತೋ, ಕಾಕಾನ ಬೆರಳುಗಳೆಲ್ಲ ಒಮ್ಮೆಲೇ ತೂತಿನ ಮೇಲೆ ಸರಿಯಾಗಿ ಕೂತವು. ಉಬ್ಬಿದ ಗಲ್ಲ ಇಳಿಯಿತು. ದಪ್ಪನೆಯ, ತುಂಬಿದ ಸ್ವರವೊಂದು ಹೊರಟು ಮನೆಯ ತೊಲೆಗಳೆಲ್ಲ ಗುಂಯ್‌ಗುಟ್ಟಿದವು.

ಅಡುಗೆಮನೆಯಲ್ಲಿ ಮತ್ತೆ ಸೋಸಲು ಕೂತಿದ್ದ ಕಾಕೂ ತಲೆಯೆತ್ತಿದಳು. ಪಲ್ಲೆ ಬಿಟ್ಟು ಎದ್ದಳು. ಮದುವೆಯ ಮೆರವಣಿಗೆ ಬಂದಾಗ ಓಣಿಯ ಹೆಂಗಸರು ಮಾಡುವಂತೆ ತಲೆಯ ಮೇಲೆ ಸೆರಗು ಹೊದ್ದು, ಲಗುಬಗೆಯಿಂದ ಬಾಗಿಲಿಗೆ ಹೋಗಿ ನಿಂತಳು. ಖಾಲಿ ಓಣಿಯನ್ನು ಆಚೆ ಈಚೆ ನೋಡಿದಳು.

"ಏನ್ರೀ, ಬ್ಯಾಂಡ್ ಕೇಳಾಕತ್ತೈತಿ. ಯಾರ ಮದವಿರಿ?"

ಕಾಕಾನ ಕಣ್ಣು ತುಂಬಿದವು. ಉಸಿರು ಮುಗಿದು ಕ್ಲಾರಿಯೋನೆಟ್ ಬಾಯಿಂದ ಜಾರತೊಡಗಿತ್ತು.

"ನಿಲ್ಲಸಬ್ಯಾಡ ಕಾಕಾ!" ಎಂದು ಓಣಿಗೆಲ್ಲ ಕೇಳುವ ಹಾಗೆ ಒದರಿದೆ ನಾನು. "ಊದು!"